ಪುಕ್ಕಟೆ ಸಿಗುವುದಕ್ಕೆ ದುಡ್ಡು ಕೊಡುವುದೇಕೆ?

ಬೆಳಿಗ್ಗೆ ಏಳರ ಸುಮಾರಿಗೆ ಚನ್ನಪಟ್ಟಣದ ರೈಲು ನಿಲ್ದಾಣದಲ್ಲಿ ನಿಂತರೆ ಊರಿನ ಅರ್ಧ ಯೌವನ ಕಣ್ಣೆದುರಿಗೇ ಬೆಂಗಳೂರಿಗೆ ಹೊರಟಂತೆ ಕಾಣುತ್ತದೆ. ಹೆಗಲಿಗೆ ಚೀಲ, ಕೈಯಲ್ಲಿ ಮೊಬೈಲು, ಚೀಲದೊಳಗೆ ಅಮ್ಮ ಕಟ್ಟಿಕೊಟ್ಟ ಬುತ್ತಿ. ರಾಮನಗರದಲ್ಲಿ ಮತ್ತಷ್ಟು ಮಂದಿ ಹತ್ತುತ್ತಾರೆ. ಕನಕಪುರ, ಮಾಗಡಿ ಪಟ್ಟಣಗಳಿಗೆ ರೈಲಿಲ್ಲ. ಅಲ್ಲಿಯವರ ಪಾಡು ಬಸ್ಸಿನ ಬಾಗಿಲಲ್ಲಿ. ನಾಲ್ಕೂ ಊರುಗಳು ರಾಜಧಾನಿಯಿಂದ 50-60 ಕಿಲೋಮೀಟರ್ ದೂರದವು. ದಿನಾ ಹೋಗಿ ಬರಲು ಸಾಧ್ಯ, ಹಾಗೆಂದು ಸುಖವೇನಲ್ಲ.

ಇಂಥ ಮನೆಗಳಲ್ಲಿ ಡಿಗ್ರಿಯ ಕೊನೆಯ ವರ್ಷ ಬಂತೆಂದರೆ ಒಂದು ಮಾತು ಬಂದೇ ಬರುತ್ತದೆ. ‘ಅಪ್ಪಾ, ಅವರಿವರ ಕೈಕೆಳಗೆ ಹೋಗಲ್ಲ, ಸ್ವಂತದ್ದು ಏನಾದ್ರೂ ಮಾಡ್ತೀನಿ.’ ಅಪ್ಪನ ಉತ್ತರವೂ ಹೆಚ್ಚುಕಡಿಮೆ ಒಂದೇ: ‘ಮಾಡು ಮಗ, ಬೇಡ ಅಂದೋರ್ಯಾರು? ದುಡ್ಡು ಎಲ್ಲಿಂದ ತರ್ತೀಯ?’ ಮಾತು ಅಲ್ಲಿಗೆ ನಿಲ್ಲುತ್ತದೆ, ಇಲ್ಲವೇ ಊರಾಚೆಯ ಅರ್ಧ ಎಕರೆ ಜಮೀನಿನ ಪಹಣಿಯ ಕಡೆಗೆ ತಿರುಗುತ್ತದೆ. ಎರಡೂ ಒಳ್ಳೆಯದಲ್ಲ.

ಸ್ವಂತ ಉದ್ಯಮ ಹೂಡಲು ಹೊರಟವರಿಗೆ ಮೊದಲ ಒಂದು ವರ್ಷದಲ್ಲಿ ಬೇಕಾಗುವ ಬಹುಪಾಲು ಸಂಗತಿಗಳು ದುಡ್ಡಿಲ್ಲದೆ ಸಿಗುತ್ತವೆ. ಉದ್ಯಮದ ನೋಂದಣಿ, ತರಬೇತಿ, ಯೋಜನಾ ವರದಿ ಬರೆಯಲು ನೆರವು, ಮಾರ್ಗದರ್ಶಕರ ಮಾತು ಎಲ್ಲವೂ ಸರ್ಕಾರದ ಇಲ್ಲವೇ ಸಾರ್ವಜನಿಕ ಸಂಸ್ಥೆಗಳ ಲೆಕ್ಕದಲ್ಲಿ ನಡೆಯುತ್ತವೆ. ವಿಪರ್ಯಾಸವೆಂದರೆ ಜನ ಹಣ ಕಳೆದುಕೊಳ್ಳುವುದು ಇವುಗಳಿಗೇ. ‘ಸರ್ಟಿಫಿಕೇಟ್ ಮಾಡಿಸಿಕೊಡ್ತೀವಿ’, ‘ಲೋನ್ ಪಾಸ್ ಮಾಡಿಸ್ತೀವಿ’ ಎನ್ನುವವರ ಕೈಗೆ ಐದು ಸಾವಿರ, ಹತ್ತು ಸಾವಿರ ಇಟ್ಟು ಬಂದ ಮೇಲೆ ಅದು ಉಚಿತವೆಂದು ತಿಳಿಯುವುದು ನಾಲ್ಕೂ ತಾಲ್ಲೂಕುಗಳಲ್ಲಿ ಹಳೆಯ ಕಥೆ.

ನೆರವು ಈ ನೆಲಕ್ಕೆ ಹೊಸದಲ್ಲ

ನೆರವು ಪಡೆಯುವುದೆಂದರೆ ಕೈಚಾಚುವುದು ಎಂಬ ಸಂಕೋಚ ಕೆಲವು ಮನೆಗಳಲ್ಲಿದೆ. ಅಂಥವರು ತಮ್ಮ ಊರಿನ ಚರಿತ್ರೆಯನ್ನೇ ಒಮ್ಮೆ ನೋಡಿಕೊಳ್ಳಬಹುದು. ಚನ್ನಪಟ್ಟಣದ ಬೊಂಬೆ ಟಿಪ್ಪು ಸುಲ್ತಾನನ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದ್ದರಿಂದ ಬೆಳೆಯಿತೆಂಬುದು ಊರಿನ ಹೆಮ್ಮೆಯ ಮಾತು. ಆಮೇಲೆ ಬಾವಾಸ್ ಮಿಯಾನ್ ಜಪಾನಿನ ಕೌಶಲವನ್ನು ಇಲ್ಲಿನ ಆಲೆಮರಕ್ಕೆ ಹೊಂದಿಸಿದರೆಂದು ಹೇಳುತ್ತಾರೆ. ಅವರನ್ನು ಚನ್ನಪಟ್ಟಣದ ಬೊಂಬೆಗಳ ಪಿತಾಮಹ ಎಂದೇ ಕರೆಯುತ್ತಾರೆ. ಮುಂದೆ ರಾಜ್ಯ ಸರ್ಕಾರದ ಕರಕುಶಲ ನಿಗಮವು ‘ವಿಶ್ವ’ ಯೋಜನೆಯಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರದ ಸಹಾಯ ಪಡೆದು ಅರಗಿನ ಬಣ್ಣದ ಕುಶಲಕರ್ಮಿಗಳಿಗಾಗಿ ಸಂಕೀರ್ಣವನ್ನೇ ಕಟ್ಟಿಸಿತು. ಲೇತ್ ಯಂತ್ರ ಕೊಳ್ಳಲಾಗದವರೂ ಅಲ್ಲಿ ಕುಳಿತು ಮರ ಕಡೆದರು.

ರೇಷ್ಮೆಯ ಕಥೆಯೂ ಅದೇ. ಮೈಸೂರು ಸೀಮೆಯ ರೇಷ್ಮೆಗೆ ಜಮ್ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿನ ತಜ್ಞರನ್ನು ಕರೆಸಿ ಫಾರಂ ಹಾಕಿಸಿದರು. 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನ ರೇಷ್ಮೆ ಯೋಜನೆ ಬಂತು. 1990ರ ದಶಕದಲ್ಲಿ ದ್ವಿತಳಿ ಗೂಡಿಗಾಗಿ ಮತ್ತೆ ಜಪಾನ್ ಕೈಜೋಡಿಸಿತು. ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆ ಏಷ್ಯಾದಲ್ಲೇ ದೊಡ್ಡದೆಂಬ ಹೆಸರು ಪಡೆದದ್ದು ರೈತನ, ನೂಲು ಬಿಚ್ಚುವವನ ಬೆವರಿನಿಂದ. ಆದರೆ ಹರಾಜಿನ ಕಟ್ಟೆ ಕಟ್ಟಿದ್ದು ಸರ್ಕಾರ. ಅದಿಲ್ಲದೆ ಬೆವರಿಗೆ ಬೆಲೆ ಕಟ್ಟುವವರು ದಲ್ಲಾಳಿಗಳೇ ಆಗಿರುತ್ತಿದ್ದರು. ಹೊರಗಿನವರಿಗೆ ರಾಮನಗರವೆಂದರೆ 1975ರ ‘ಶೋಲೆ’ ಚಿತ್ರದ ಬಂಡೆಗಳಷ್ಟೇ ಎಂಬುದು ಬೇರೆ ಮಾತು.

ಮೊದಲ ಕಾಗದ

ಉದ್ಯಮ ಎಷ್ಟೇ ಚಿಕ್ಕದಿರಲಿ, ಅದಕ್ಕೊಂದು ದಾಖಲೆ ಬೇಕು. ಕೇಂದ್ರ ಸರ್ಕಾರ 2020ರ ಜುಲೈ 1ರಂದು ಜಾರಿಗೆ ತಂದ ‘ಉದ್ಯಮ್’ ನೋಂದಣಿ ಆ ಮೊದಲ ದಾಖಲೆ. ಆಧಾರ್ ಮತ್ತು ಪ್ಯಾನ್ ಸಂಖ್ಯೆ ಇದ್ದರೆ ಸಾಕು. ಯಾವ ಕಾಗದವನ್ನೂ ಸ್ಕ್ಯಾನ್ ಮಾಡಿ ಕಳಿಸಬೇಕಾಗಿಲ್ಲ, ಶುಲ್ಕವೂ ಇಲ್ಲ. ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹಪ್ಪಳ ಮಾಡುವವರಿಗೂ ಇದು ಸಿಗುತ್ತದೆ. ಬ್ಯಾಂಕಿನವರು ಸಾಲದ ಅರ್ಜಿ ನೋಡುವಾಗ ಮೊದಲು ಕೇಳುವುದೂ ಇದನ್ನೇ.

ಇಲ್ಲೊಂದು ಎಚ್ಚರಿಕೆ ಬೇಕು. ಮೊಬೈಲಿನಲ್ಲಿ ಹುಡುಕಿದರೆ ಸರ್ಕಾರದ್ದೇ ಎಂಬಂತೆ ಕಾಣುವ ಖಾಸಗಿ ಜಾಲತಾಣಗಳು ಮೊದಲು ಸಿಕ್ಕುತ್ತವೆ. ರಾಜಮುದ್ರೆಯಂಥ ಚಿತ್ರ, ತ್ರಿವರ್ಣದ ಪಟ್ಟಿ, ಕೊನೆಗೆ ಎರಡು-ಮೂರು ಸಾವಿರ ರೂಪಾಯಿಯ ‘ಪ್ರೊಸೆಸಿಂಗ್ ಶುಲ್ಕ’! ವಿಳಾಸ ‘ಗವ್ ಡಾಟ್ ಇನ್’ ಎಂದು ಮುಗಿಯದಿದ್ದರೆ ಅಲ್ಲಿಗೆ ಕೈಬಿಡುವುದು ಕ್ಷೇಮ. ಗೊತ್ತಾಗದಿದ್ದರೆ ರಾಮನಗರದ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ ಕೇಳಬಹುದು. ಈ ಕೇಂದ್ರಗಳು ದೇಶದಲ್ಲಿ 1978ರಿಂದಲೂ ಇವೆ. ಬಿ.ಕಾಂ. ಮುಗಿಸಿದ ಹುಡುಗರಲ್ಲಿ ಎಷ್ಟು ಮಂದಿ ಆ ಬಾಗಿಲು ತುಳಿದಿದ್ದಾರೆ ಎಂದು ಕೇಳಿದರೆ ಉತ್ತರ ಖುಷಿ ಕೊಡಲಾರದು. ಅಂದಹಾಗೆ 2007ರಲ್ಲಿ ಹುಟ್ಟಿದ ರಾಮನಗರ ಜಿಲ್ಲೆಗೆ ರಾಜ್ಯ ಸರ್ಕಾರ 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟಿತು. ಜಿಲ್ಲಾ ಕೇಂದ್ರ ಮಾತ್ರ ರಾಮನಗರವೇ. ಅರ್ಜಿ ತುಂಬುವಾಗ ಹಳೆಯ ಹೆಸರು ಹುಡುಕಿ ಕಂಗಾಲಾಗಬಾರದು.

ಇನ್ನು ‘ಸ್ಟಾರ್ಟ್‌ಅಪ್’ ಎಂಬ ಮಾತು. ಹೊಸದಾಗಿ ತೆರೆದ ಅಂಗಡಿಗಳೆಲ್ಲ ಸ್ಟಾರ್ಟ್‌ಅಪ್ ಅಲ್ಲ. 2016ರ ಜನವರಿ 16ರಂದು ಕೇಂದ್ರ ಸರ್ಕಾರ ಆರಂಭಿಸಿದ ‘ಸ್ಟಾರ್ಟ್‌ಅಪ್ ಇಂಡಿಯಾ’ದ ಮಾನ್ಯತೆ ಸಿಗಬೇಕಾದರೆ ಉದ್ಯಮದಲ್ಲಿ ಏನಾದರೂ ಹೊಸತಿರಬೇಕು, ವಸ್ತುವಿನಲ್ಲೋ, ಮಾಡುವ ವಿಧಾನದಲ್ಲೋ, ಸೇವೆಯಲ್ಲೋ. ಒಬ್ಬನೇ ಮಾಲೀಕನ ಅಂಗಡಿಗೆ ಈ ಮಾನ್ಯತೆ ಇಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿ, ನೋಂದಾಯಿತ ಪಾಲುದಾರಿಕೆ ಸಂಸ್ಥೆ ಅಥವಾ ಎಲ್‌ಎಲ್‌ಪಿ ಎಂಬ ಸೀಮಿತ ಹೊಣೆಯ ಪಾಲುದಾರಿಕೆಯಂಥ ರೂಪ ಬೇಕು. ಮಾನ್ಯತೆಯ ಅರ್ಜಿಗೆ ಶುಲ್ಕವಿಲ್ಲ. 2025ರ ಜನವರಿ ಹೊತ್ತಿಗೆ ದೇಶದಲ್ಲಿ ಹೀಗೆ ಮಾನ್ಯತೆ ಪಡೆದವು 1.59 ಲಕ್ಷ.

ಆದರೆ ಅವಸರ ಬೇಡ. ಕಂಪನಿ ಮಾಡಿದ ಕೂಡಲೇ ಪ್ರತಿ ವರ್ಷ ಲೆಕ್ಕಪರಿಶೋಧನೆ ಕಡ್ಡಾಯ. ಒಂದು ರೂಪಾಯಿ ವ್ಯಾಪಾರ ನಡೆಯದಿದ್ದರೂ ಆಡಿಟರಿಗೆ ಶುಲ್ಕ ಕೊಡಬೇಕು, ವರದಿ ಸಲ್ಲಿಸಬೇಕು, ತಡವಾದರೆ ದಂಡ. ಎಲ್‌ಎಲ್‌ಪಿಗಾದರೆ ವಹಿವಾಟು 40 ಲಕ್ಷ ರೂಪಾಯಿ, ಪಾಲುದಾರರ ಬಂಡವಾಳ 25 ಲಕ್ಷ ದಾಟುವವರೆಗೆ ಆ ಕಡ್ಡಾಯವಿಲ್ಲ. ಗೆಳೆಯರು ಮೂವರು ಸೇರಿ ಉತ್ಸಾಹದಲ್ಲಿ ಕಂಪನಿ ಕಟ್ಟಿ, ಎರಡನೇ ವರ್ಷ ಅದನ್ನು ಮುಚ್ಚಲು ಓಡಾಡುವುದಕ್ಕಿಂತ ಮೊದಲು ಉದ್ಯಮ್ ನೋಂದಣಿಯಲ್ಲಿ ಹತ್ತು ಗಿರಾಕಿಗಳನ್ನು ಸಂಪಾದಿಸಿಕೊಳ್ಳುವುದು ಜಾಣತನ.

ಊಟ, ವಸತಿ, ಪಾಠ

ಕರ್ನಾಟಕದವರು ಹೆಮ್ಮೆ ಪಡಬೇಕಾದ ಒಂದು ಪ್ರಯೋಗ ಉಜಿರೆಯದು. 1982ರಲ್ಲಿ ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಎಸ್‌ಡಿಎಂ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ನಿರುದ್ಯೋಗಿ ಯುವಕರಿಗಾಗಿ ರುಡ್‌ಸೆಟ್ ಸಂಸ್ಥೆ ತೆರೆದರು. ತರಬೇತಿ ಉಚಿತ, ಊಟ ಉಚಿತ, ಇರಲು ಜಾಗವೂ ಉಚಿತ. ಪಾಠ ಮುಗಿದ ಮೇಲೆ ಕೈಬಿಡದೆ ಎರಡು ವರ್ಷ ಬೆನ್ನಿಗೆ ನಿಂತು, ಬ್ಯಾಂಕಿನ ಸಾಲ ಕೊಡಿಸಿ, ಅಂಗಡಿ ತೆರೆಯಿತೋ ಇಲ್ಲವೋ ಎಂದು ವಿಚಾರಿಸುವುದು ಅದರ ವಿಶೇಷ. ಈ ಮಾದರಿ ಎಷ್ಟು ಹಿಡಿಸಿತೆಂದರೆ 2009ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯ ಜಿಲ್ಲೆಗೊಂದು ಇಂಥ ಸಂಸ್ಥೆ ಇರಬೇಕೆಂದು ಬ್ಯಾಂಕುಗಳಿಗೆ ಹೇಳಿತು. ಆರ್‌ಸೆಟಿ ಎಂದು ಈಗ ಕರೆಯುವುದು ಅವುಗಳನ್ನೇ. ಮಾಗಡಿ ಕಡೆಯವರಿಗೆ ನೆಲಮಂಗಲದ ಅರಿಶಿನಕುಂಟೆಯ ರುಡ್‌ಸೆಟ್ ಹತ್ತಿರದ್ದು.

ಅಲ್ಲಿ ಹೇಳಿಕೊಡುವುದು ಬರೀ ಹೊಲಿಗೆ, ಮೊಬೈಲ್ ರಿಪೇರಿ, ಹೈನುಗಾರಿಕೆಯಷ್ಟೇ ಎಂದು ಮೂಗು ಮುರಿಯುವ ಪದವೀಧರರಿದ್ದಾರೆ. ಆದರೆ ಅಲ್ಲಿ ಕಲಿಸುವ ಇನ್ನೊಂದು ಭಾಗ ಯಾವ ಪದವಿಯಲ್ಲೂ ಸರಿಯಾಗಿ ಸಿಗದು: ಬೆಲೆ ಕಟ್ಟುವುದು ಹೇಗೆ, ಉದ್ದರಿ ಕೇಳುವ ಗಿರಾಕಿಗೆ ಏನು ಹೇಳಬೇಕು, ಮನೆಯ ದುಡ್ಡನ್ನೂ ಅಂಗಡಿಯ ದುಡ್ಡನ್ನೂ ಬೇರೆ ಇಡುವುದು ಹೇಗೆ ಎಂಬಂಥ ಪಾಠ. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿರುವ ಎನ್‌ಎಸ್‌ಆರ್‌ಸೆಲ್ ಕೂಡ ಬೇರೆ ಮಾತಿನಲ್ಲಿ ಇದನ್ನೇ ಹೇಳಿಕೊಡುತ್ತದೆ. ‘ಸ್ವಯಂ’ ಜಾಲತಾಣದಲ್ಲಿ ಐಐಟಿ ಪ್ರಾಧ್ಯಾಪಕರ ಉದ್ಯಮಶೀಲತೆಯ ಪಾಠಗಳನ್ನು ಕೇಳಲು ಹಣ ಬೇಡ. ಪರೀಕ್ಷೆ ಬರೆದು ಪ್ರಮಾಣಪತ್ರ ಬೇಕೆಂದವರು ಮಾತ್ರ ಶುಲ್ಕ ಕಟ್ಟಬೇಕು.

ಬೊಂಬೆಯ ಹುಡುಗ

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಮನೆಯ ಹುಡುಗನೊಬ್ಬ ಬಿಸಿಎ ಮುಗಿಸಿದ್ದಾನೆಂದುಕೊಳ್ಳಿ. ಅಪ್ಪ ಆಲೆಮರ ಕಡೆದು, ಅರಗಿನ ಬಣ್ಣ ಹಚ್ಚಿ, ತಾಳೆಗರಿಯಿಂದ ಹೊಳಪು ಕೊಟ್ಟು ಅಂಗಡಿಯವನಿಗೆ ಮಾರುತ್ತಾನೆ. ಮಗನಿಗೆ ಅದೇ ಬೊಂಬೆಯನ್ನು ಬೆಂಗಳೂರಿನ ಮಾಂಟೆಸರಿ ಶಾಲೆಗಳಿಗೆ, ಹೊರದೇಶಕ್ಕೆ ನೇರ ಮಾರುವ ಆಸೆ. ಅವನ ದಾರಿಯಲ್ಲಿ ಏನೇನಿದೆ?

ಮೊದಲನೆಯದು ಕಾನೂನು. ಆಟಿಕೆಗಳಿಗೆ ಐಎಸ್‌ಐ ಮುದ್ರೆ 2021ರ ಜನವರಿ 1ರಿಂದ ಕಡ್ಡಾಯವಾಯಿತು. ಚಿಕ್ಕ ತಯಾರಕರು ಪ್ರಯೋಗಾಲಯದ ಖರ್ಚಿಗೆ ಹೆದರಿದರು. ಆದರೆ ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚಿಯ ಅಧಿಕೃತ ಬಳಕೆದಾರರ ವಸ್ತುಗಳಿಗೂ ಅದರಿಂದ ವಿನಾಯಿತಿ ಸಿಕ್ಕಿತು. ಚನ್ನಪಟ್ಟಣದ ಬೊಂಬೆಗೆ ಭೌಗೋಳಿಕ ಸೂಚಿ ಬಂದು ಎಷ್ಟೋ ವರ್ಷಗಳಾದವು. ಆದರೆ ಊರಿಗೆ ಮಾನ್ಯತೆ ಬಂದರೆ ಸಾಲದು. ಮಾಡುವವನು ‘ಅಧಿಕೃತ ಬಳಕೆದಾರ’ ಎಂದು ತನ್ನ ಹೆಸರು ಬರೆಸಿಕೊಳ್ಳಬೇಕು. ಅದರ ಶುಲ್ಕವನ್ನು 2020ರಲ್ಲಿ 500 ರೂಪಾಯಿಯಿಂದ 10 ರೂಪಾಯಿಗೆ ಇಳಿಸಲಾಯಿತು. ಕುಶಲಕರ್ಮಿಯ ಗುರುತಿನ ಚೀಟಿಗೆ ದುಡ್ಡೇ ಇಲ್ಲ. ಈ ಎರಡು ಚೀಟಿ ಇಲ್ಲದವನ ಬೊಂಬೆ ಎಷ್ಟೇ ಚೆಂದವಿದ್ದರೂ ದೊಡ್ಡ ಮಳಿಗೆಯವನು ಹಿಂದಿರುಗಿಸಬಹುದು.

ಎರಡನೆಯದು ಹೆಸರು. ಅವನ ಬೊಂಬೆಗೊಂದು ಗುರುತು, ಅಂದರೆ ಟ್ರೇಡ್‌ಮಾರ್ಕ್ ಬೇಕು. ಅಂತರ್ಜಾಲದ ಮೂಲಕ ಸಲ್ಲಿಸುವ ಅರ್ಜಿಗೆ ದೊಡ್ಡ ಕಂಪನಿ 9,000 ರೂಪಾಯಿ ಕಟ್ಟುವಲ್ಲಿ ಒಬ್ಬ ವ್ಯಕ್ತಿ, ಸಣ್ಣ ಉದ್ದಿಮೆ ಅಥವಾ ಸ್ಟಾರ್ಟ್‌ಅಪ್ ಕಟ್ಟುವುದು 4,500. ಹೊಸ ಬಗೆಯ ಒಗಟಿನ ಬೊಂಬೆಗೆ ಪೇಟೆಂಟ್ ಬೇಕೆಂದರೆ ಅರ್ಜಿ ಶುಲ್ಕ 8,000ದ ಬದಲು 1,600. ವಕೀಲರ ಫೀಜು ಹೆದರಿಸುತ್ತದೆಯಲ್ಲ? ಸ್ಟಾರ್ಟ್‌ಅಪ್ ಮಾನ್ಯತೆ ಪಡೆದವರಿಗೆ ಅರ್ಜಿ ಬರೆದುಕೊಡುವ ಸಹಾಯಕರ ಶುಲ್ಕವನ್ನು ಸರ್ಕಾರವೇ ಭರಿಸುವ ಯೋಜನೆಯೊಂದು 2016ರಲ್ಲಿ ಬಂತು. ಅರ್ಜಿಯ ಶುಲ್ಕ ಮಾತ್ರ ತಾನು ಕಟ್ಟಬೇಕು.

ಮೂರನೆಯದು ಮಾರುಕಟ್ಟೆಯ ಗಾಳಿ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಚೀನಾದ ಪ್ಲಾಸ್ಟಿಕ್ ಆಟಿಕೆಗಳ ಮುಂದೆ ಮಂಕಾಗಿದ್ದ ಊರಿಗೆ ಇದು ಸಿಕ್ಕ ಬಿಡುವು. 2010ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿ ಮಿಷೆಲ್ ಒಬಾಮ ದೆಹಲಿಯಲ್ಲಿ ಚನ್ನಪಟ್ಟಣದ ಬೊಂಬೆ ಕೊಂಡಾಗ ಪತ್ರಿಕೆಗಳೆಲ್ಲ ಬರೆದವು. ಅಂಥ ಸುದ್ದಿಯಿಂದ ಒಂದು ತಿಂಗಳ ವ್ಯಾಪಾರ ಹೆಚ್ಚೀತು, ಅಷ್ಟೆ. ಸುಂಕದ ಗೋಡೆಯೂ ಶಾಶ್ವತವಲ್ಲ. ಅದು ಇರುವಾಗಲೇ ಗಿರಾಕಿಯನ್ನು ಹಿಡಿದುಕೊಂಡವನು ಉಳಿಯುತ್ತಾನೆ.

ಗೂಡಿನ ಲೆಕ್ಕ

ರಾಮನಗರ, ಕನಕಪುರಗಳ ರೇಷ್ಮೆಯಲ್ಲಿ ಹೊಸಬರಿಗೆ ಏನು ಕೆಲಸವಿದೆ ಎಂದು ಕೇಳುವವರಿಗೆ ಒಂದು ಉತ್ತರ ಚಾಕಿ ಕೇಂದ್ರ. ಮೊಟ್ಟೆಯೊಡೆದ ಹುಳುವನ್ನು ಎರಡನೇ ಜ್ವರ ದಾಟುವವರೆಗೆ ಹದವಾದ ಶಾಖ, ತೇವದಲ್ಲಿ ಸಾಕಿ ರೈತರಿಗೆ ಮಾರುವುದು ಅದರ ಕೆಲಸ. ಎಳೆಯ ಹುಳುವಿನ ಆರೈಕೆ ತಪ್ಪಿದರೆ ಇಡೀ ಬೆಳೆ ಹೋಗುತ್ತದೆ. ಹಾಗಾಗಿ ರೈತ ನಂಬಿಕೆಯ ಕೇಂದ್ರವನ್ನೇ ಹುಡುಕಿಕೊಂಡು ಬರುತ್ತಾನೆ. ರೇಷ್ಮೆ ಕೃಷಿ ಓದಿದ ಯುವಕರಿಗೆ ಹೇಳಿ ಮಾಡಿಸಿದ ಉದ್ಯಮ ಇದು. ಕಲಿಯಲು ಹೊರದೇಶಕ್ಕೆ ಹೋಗಬೇಕಾಗಿಲ್ಲ. ಕನಕಪುರದಿಂದ ಬೆಂಗಳೂರಿಗೆ ಹೋಗುವ ಬಸ್ಸಿನ ದಾರಿಯಲ್ಲೇ ತಲಘಟ್ಟಪುರದಲ್ಲಿ ರಾಜ್ಯದ ರೇಷ್ಮೆ ಸಂಶೋಧನಾ ಸಂಸ್ಥೆ ಇದೆ. ನೂಲಿನ ಪರೀಕ್ಷೆ, ಯಂತ್ರದ ವಿಚಾರಕ್ಕೆ ಬೆಂಗಳೂರಿನಲ್ಲೇ ಕೇಂದ್ರ ರೇಷ್ಮೆ ಮಂಡಳಿಯ ತಾಂತ್ರಿಕ ಸಂಶೋಧನಾ ಸಂಸ್ಥೆ ಇದೆ. ದಿನಾ ಬಸ್ಸಿನ ಕಿಟಕಿಯಿಂದ ಫಲಕ ನೋಡಿಕೊಂಡು ಹೋಗುವವರು ಒಂದು ದಿನ ಇಳಿದು ಒಳಗೆ ಹೋಗಬೇಕು, ಅಷ್ಟೆ.

ರೇಷ್ಮೆಯಲ್ಲಿ ದೊಡ್ಡ ಬಂಡವಾಳದ ಕಥೆಯೊಂದೂ ನಡೆದುಹೋಗಿದೆ. ಪೋಷಕರು ಅದನ್ನು ತಿಳಿದಿರುವುದು ಒಳ್ಳೆಯದು. 2020ರಲ್ಲಿ ಹುಟ್ಟಿದ ರೇಷಾಮಂಡಿ ಎಂಬ ಕಂಪನಿ ಮೊಬೈಲ್ ಆ್ಯಪ್ ಮೂಲಕ ರೇಷ್ಮೆ ರೈತ, ನೂಲು ಬಿಚ್ಚುವವ ಮತ್ತು ನೇಕಾರರನ್ನು ಜೋಡಿಸಲು ಹೊರಟಿತು. ಮರುವರ್ಷವೇ ಅದಕ್ಕೆ 3 ಕೋಟಿ ಡಾಲರ್ ಬಂಡವಾಳ ಹರಿದುಬಂತು. 2024ರ ಹೊತ್ತಿಗೆ ಸಾಲದ ಭಾರ, ಸಿಬ್ಬಂದಿಯ ಸಂಬಳ ಬಾಕಿಯ ವರದಿಗಳು ಪತ್ರಿಕೆಗಳಲ್ಲಿ ಬಂದವು. ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೆ ಗೂಡು ಕೊಂಡು, ಉದ್ದರಿ ಕೊಟ್ಟು, ದುಡ್ಡು ತಿರುಗಿ ಬರುವವರೆಗೆ ಕಾಯುವ ವ್ಯಾಪಾರದಲ್ಲಿ ಎಷ್ಟು ಕೋಟಿ ಇದ್ದರೂ ಕರಗಲು ಹೆಚ್ಚು ದಿನ ಬೇಡ. ಇದು ಗೂಡಿನ ಮಾರುಕಟ್ಟೆಯ ಹಳೆಯ ರೀಲರುಗಳಿಗೆ ಯಾವ ಆ್ಯಪೂ ಇಲ್ಲದೆ ಗೊತ್ತಿರುವ ಸಂಗತಿ. ಹೊಸ ಹುಡುಗರು ಅವರ ಪಕ್ಕದಲ್ಲಿ ಒಂದು ತಿಂಗಳು ಬೆಳಿಗ್ಗೆ ಹರಾಜಿನ ಕಟ್ಟೆಯಲ್ಲಿ ನಿಂತರೆ ಸಿಗುವ ಪಾಠಕ್ಕೆ ಶುಲ್ಕವಿಲ್ಲ.

ಮಾಗಡಿಯ ರಾಗಿ

ಮಾಗಡಿಯಲ್ಲಿ ಕಾರ್ಖಾನೆಯ ಮಾತಿಗಿಂತ ಹೊಲದ ಮಾತು ಹೆಚ್ಚು. ರಾಗಿ, ಮಾವು, ತೆಂಗು, ಅವರೆ. ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಇರುವುದೂ ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯಲ್ಲೇ. ರಾಗಿ ಮಾಲ್ಟು, ಮಾವಿನ ಹಣ್ಣಿನ ಪದಾರ್ಥಗಳಂಥ ಮೌಲ್ಯವರ್ಧನೆಯ ತರಬೇತಿಗೆ ಯುವಕ ಯುವತಿಯರು ಅಲ್ಲಿ ವಿಚಾರಿಸಬಹುದು. ಬೇಸಿಗೆಯಲ್ಲಿ ಮಾವು ಮಂಡಿಯಲ್ಲಿ ಬೆಲೆ ಬಿದ್ದಾಗ ರಸ್ತೆಗೆ ಸುರಿಯುವ ಹಣ್ಣು ತಿರುಳಾಗಿ ಡಬ್ಬಿ ಸೇರಿದ್ದರೆ ಎಂದು ಯೋಚಿಸದ ರೈತನಿಲ್ಲ.

ಅದಕ್ಕೆಂದೇ 2020ರಲ್ಲಿ ಕೇಂದ್ರ ಸರ್ಕಾರ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಯೋಜನೆ ತಂದಿತು. ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ. ಕರ್ನಾಟಕ ಸರ್ಕಾರ ತನ್ನ ಪಾಲು ಸೇರಿಸಿ ಅದನ್ನು ಶೇ 50ಕ್ಕೆ, 15 ಲಕ್ಷಕ್ಕೆ ಏರಿಸಿತು. ಜನ ಹೆಚ್ಚಾಗಿ ಅರಿಯದ ಒಂದು ಸೌಲಭ್ಯವೂ ಇದರಲ್ಲಿ ಸೇರಿತ್ತು. ಯೋಜನಾ ವರದಿ ಬರೆದುಕೊಟ್ಟು, ಬ್ಯಾಂಕಿಗೆ ಜೊತೆಗೆ ಬಂದು, ನೋಂದಣಿಗಳನ್ನೂ ಮಾಡಿಸಿಕೊಡಲು ಜಿಲ್ಲೆಗೆ ಸಂಪನ್ಮೂಲ ವ್ಯಕ್ತಿಗಳನ್ನು ನೇಮಿಸಲಾಯಿತು; ಅವರಿಗೆ ಸಂಭಾವನೆ ಕೊಡುವುದು ಯೋಜನೆ, ಅರ್ಜಿದಾರನಲ್ಲ. ಯೋಜನೆಗಳ ಗಡುವು, ಮೊತ್ತ ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುವುದರಿಂದ ಈ ವರ್ಷದ ನಿಯಮವನ್ನು ಕೃಷಿ ಇಲಾಖೆಯಲ್ಲಿ ಕೇಳಿಯೇ ಹೆಜ್ಜೆ ಇಡಬೇಕು.

ಸಹಾಯಧನದ ವಿಚಾರದಲ್ಲಿ ಮನೆಮನೆಯಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ. ‘ಹತ್ತು ಲಕ್ಷದಲ್ಲಿ ಮೂರೂವರೆ ಲಕ್ಷ ಮಾಫಿಯಂತೆ’ ಎಂದುಕೊಂಡು ಹಲವರು ಅರ್ಜಿ ಗುಜರಾಯಿಸುತ್ತಾರೆ. ಆ ಹಣ ಕೈಗೆ ಬರುವುದಿಲ್ಲ. ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದಲ್ಲೂ ಅದು ಬ್ಯಾಂಕಿನಲ್ಲಿ ಮೂರು ವರ್ಷ ಠೇವಣಿಯಾಗಿ ಕೂರುತ್ತದೆ. ಉದ್ದಿಮೆ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. 2022ರ ನಿಯಮದಂತೆ ಈ ಕಾರ್ಯಕ್ರಮದಲ್ಲಿ ತಯಾರಿಕೆಗೆ 50 ಲಕ್ಷ, ಸೇವೆಗೆ 20 ಲಕ್ಷದವರೆಗಿನ ಯೋಜನೆಗೆ ಅವಕಾಶವಿತ್ತು. ಸಹಾಯಧನ ಪಟ್ಟಣದ ಸಾಮಾನ್ಯ ವರ್ಗಕ್ಕೆ ಶೇ 15ರಿಂದ ಹಿಡಿದು ಹಳ್ಳಿಯ ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರಿಗೆ ಶೇ 35ರವರೆಗೆ. ಉಳಿದದ್ದು ಸಾಲವೇ. ಸಾಲಕ್ಕೆ ಬಡ್ಡಿ ಇದ್ದೇ ಇರುತ್ತದೆ.

ಹಾಗಿದ್ದರೆ ಪಹಣಿಯನ್ನು ಬ್ಯಾಂಕಿಗೆ ಒಯ್ಯಬೇಕೇ? ಬೇಡ. ಕಿರು ಮತ್ತು ಸಣ್ಣ ಉದ್ದಿಮೆಗೆ ನಿಗದಿತ ಮಿತಿಯೊಳಗಿನ ಸಾಲಕ್ಕೆ ಬ್ಯಾಂಕುಗಳು ಆಸ್ತಿ ಒತ್ತೆ ಕೇಳುವಂತಿಲ್ಲವೆಂಬುದು ರಿಸರ್ವ್ ಬ್ಯಾಂಕಿನ ನಿಯಮ. 2015ರಲ್ಲಿ ಬಂದ ಮುದ್ರಾ ಸಾಲವೂ ಒತ್ತೆಯಿಲ್ಲದ್ದೇ. ನಿಯಮ ಹೀಗಿದ್ದರೂ ‘ಜಮೀನಿದ್ದರೆ ಪತ್ರ ತನ್ನಿ’ ಎನ್ನುವ ಮಾತು ಕೆಲವು ಕೌಂಟರಿನಲ್ಲಿ ಕೇಳಿಬರುತ್ತದೆ. ಆಗ ಸುಮ್ಮನೆ ಹಿಂದಿರುಗದೆ, ಅರ್ಜಿಯನ್ನು ಬರಹದಲ್ಲಿ ಕೊಟ್ಟು ತಿರಸ್ಕಾರವನ್ನೂ ಬರಹದಲ್ಲೇ ಕೇಳಬೇಕು. ಬಾಯಿಮಾತಿನ ತಿರಸ್ಕಾರಕ್ಕೆ ಮೇಲಿನವರಲ್ಲಿ ದೂರು ಹೇಳಲಾಗದು.

ಕಾಲೇಜಿನಲ್ಲಿರುವಾಗಲೇ

ಪೋಷಕರ ದೊಡ್ಡ ಭಯ ಓದು ಹಾಳಾದೀತೆಂಬುದು. ಅದು ಸುಳ್ಳು ಭಯವಲ್ಲ. ಆದರೆ 2019ರಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯ ಹೊರತಂದ ವಿದ್ಯಾರ್ಥಿ ಮತ್ತು ಅಧ್ಯಾಪಕರ ನವೋದ್ಯಮ ನೀತಿಯನ್ನು ಕಾಲೇಜಿನವರೂ ಅನೇಕರು ಓದಿಲ್ಲ. ಸ್ವಂತ ಉದ್ಯಮ ಕಟ್ಟುತ್ತಿರುವ ವಿದ್ಯಾರ್ಥಿಗೆ ಹಾಜರಿ ಕಡಿಮೆಯಿದ್ದರೂ ಸಂಸ್ಥೆಯ ಅನುಮತಿಯಿಂದ ಪರೀಕ್ಷೆ ಬರೆಯಲು ಬಿಡಬೇಕು, ಒಂದು ಸೆಮಿಸ್ಟರ್ ಅಥವಾ ಒಂದು ವರ್ಷ ಬಿಡುವು ಪಡೆದು ಮತ್ತೆ ಓದಿಗೆ ಮರಳಲು ಅವಕಾಶ ಕೊಡಬೇಕು ಎಂದು ಅದು ಹೇಳುತ್ತದೆ. ಅನುಮತಿ ಕಾಲೇಜಿನ ಕೈಯಲ್ಲಿರುವುದರಿಂದ ಕೇಳದವರಿಗೆ ಅದು ಸಿಗುವುದಿಲ್ಲ.

ಬೆಂಗಳೂರಿನ ಹೊರಗಿನ ಎಂಜಿನಿಯರಿಂಗ್ ಕಾಲೇಜುಗಳಿಗೆಂದು ರಾಜ್ಯ ಸರ್ಕಾರ ರೂಪಿಸಿದ ‘ನೈನ್’ ಜಾಲದಲ್ಲಿ ವಿದ್ಯಾರ್ಥಿಗಳ ಯೋಜನೆಯೊಂದಕ್ಕೆ 3 ಲಕ್ಷ ರೂಪಾಯಿವರೆಗೆ ನೆರವಿನ ಏರ್ಪಾಡಿತ್ತು. ಅದಕ್ಕೂ ದೊಡ್ಡದು 2017ರಲ್ಲಿ ಆರಂಭವಾದ ‘ಎಲಿವೇಟ್’ ಸ್ಪರ್ಧೆ. ಗೆದ್ದವರಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ. ಸಾಲವಲ್ಲ, ಕಂಪನಿಯಲ್ಲಿ ಪಾಲೂ ಕೇಳುವುದಿಲ್ಲ. ಇಂಥ ಹಣ ಖಾಸಗಿ ಬಂಡವಾಳಗಾರರಿಂದ ಎಂದೂ ಸಿಗದು. ಆದರೆ ಇದು ಸ್ಪರ್ಧೆ. ಬರೀ ಆಲೋಚನೆ ಹಿಡಿದು ಬಂದವರಿಗಿಂತ ಒಂದು ಮಾದರಿಯನ್ನೂ ಅದನ್ನು ಬಳಸಿದ ಹತ್ತು ಜನರ ಹೆಸರನ್ನೂ ತಂದವರ ಮಾತಿಗೆ ತೂಕ ಹೆಚ್ಚು. 2025ರ ನವೆಂಬರಿನಲ್ಲಿ ರಾಜ್ಯ ಸಂಪುಟ ಒಪ್ಪಿದ ಹೊಸ ನವೋದ್ಯಮ ನೀತಿ 2030ರೊಳಗೆ 25,000 ಸ್ಟಾರ್ಟ್‌ಅಪ್‌ಗಳ ಗುರಿ ಇಟ್ಟುಕೊಂಡಿದೆ. ಅದರಲ್ಲಿ 10,000 ಬೆಂಗಳೂರಿನ ಆಚೆ ಬೆಳೆಯಬೇಕಂತೆ.

ಹೈಸ್ಕೂಲಿನ ಮಕ್ಕಳಿಗೂ ದಾರಿಯಿದೆ. ಅಟಲ್ ಟಿಂಕರಿಂಗ್ ಲ್ಯಾಬ್ ಇರುವ ಶಾಲೆಗಳಲ್ಲಿ ಆರನೇ ತರಗತಿಯಿಂದಲೇ ಸಂವೇದಕ, ತ್ರಿ-ಡಿ ಮುದ್ರಣ ಯಂತ್ರಗಳನ್ನು ಮುಟ್ಟಿ ನೋಡಬಹುದು. ಪ್ರತಿ ಲ್ಯಾಬಿಗೆ ಸರ್ಕಾರ 20 ಲಕ್ಷ ರೂಪಾಯಿವರೆಗೆ ಕೊಟ್ಟಿದೆ. ಆ ಕೋಣೆಯ ಬೀಗ ವಾರಕ್ಕೆ ಎಷ್ಟು ಸಲ ತೆಗೆಯುತ್ತಾರೆ ಎಂದು ಪೋಷಕರ ಸಭೆಯಲ್ಲಿ ಕೇಳಿದರೆ ತಪ್ಪೇನಿಲ್ಲ.

ಮತ್ತೆ ಚನ್ನಪಟ್ಟಣದ ಆ ಮನೆಗೆ ಬಂದರೆ ಅಲ್ಲೊಂದು ತೀರ್ಮಾನ ಬಾಕಿ ಇದೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬೊಂಬೆ ಮತ್ತು ಆಟಿಕೆ ತಯಾರಿಕೆಯೂ ಒಂದು. ತರಬೇತಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಶೇ 5ರ ಬಡ್ಡಿಯಲ್ಲಿ ಒತ್ತೆಯಿಲ್ಲದೆ ಮೊದಲು 1 ಲಕ್ಷ, ಅದು ತೀರಿದ ಮೇಲೆ 2 ಲಕ್ಷ ಸಾಲ. ಆದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳನ್ನು ಒಂದೇ ಕುಟುಂಬವೆಂದು ಎಣಿಸುವ ನಿಯಮವಿದೆ. ಕುಟುಂಬದಲ್ಲಿ ಒಬ್ಬರಿಗೆ ಮಾತ್ರ ಅವಕಾಶ. ಕೈಯಲ್ಲಿ ಕಸುಬಿರುವುದು ಅಪ್ಪನಿಗೆ. ಮಗನಿಗಿರುವುದು ಗಿರಾಕಿಯನ್ನು ಹುಡುಕುವ ಹುಮ್ಮಸ್ಸು. ನಲವತ್ತು ವರ್ಷ ಲೇತಿನ ಮುಂದೆ ಕೂತವನ ಹೆಸರು ಬರೆಸಿದರೆ ಹೊಸ ಉಳಿ, ಹೊಸ ಯಂತ್ರ ಮನೆಗೆ ಬರುತ್ತದೆ. ಮಗ ಉದ್ಯಮ್ ನೋಂದಣಿಯನ್ನು ತನ್ನ ಹೆಸರಿನಲ್ಲಿ ಬೇರೆಯಾಗಿ ಮಾಡಿಸಿಕೊಳ್ಳಬಹುದು. ಅಪ್ಪನ ಆಧಾರ್ ಕಾರ್ಡು ಹಿಡಿದು, ಬೆರಳಚ್ಚು ಕೊಡಲು ಅವನನ್ನು ಸಾಮಾನ್ಯ ಸೇವಾ ಕೇಂದ್ರಕ್ಕೆ ಕರೆದುಕೊಂಡು ಹೋಗುವ ಕೆಲಸವೂ ಮಗನದೇ. ನೋಂದಣಿಗೆ ಅಲ್ಲಿ ಯಾರಾದರೂ ದುಡ್ಡು ಕೇಳಿದರೆ, ಅದಕ್ಕೆ ಶುಲ್ಕವಿಲ್ಲವೆಂದು ಅಪ್ಪನ ಪರವಾಗಿ ಅವನೇ ಹೇಳಬೇಕು.